ಫೋರ್ ವೀಲ್ ಗಾಡಿ ಗುದ್ದಿದರೆ ಮೊದಲು ಅಂಗಳದಲ್ಲಿ ಗೆರೆ ಎಳೆಯಿರಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ವಾಚಕರ ಅಂಕಣದಲ್ಲಿ ಸುಳ್ಯ ಕಡೆಯ ಓದುಗರೊಬ್ಬರು ತಮ್ಮ ಹೊಸ ಫೋರ್ ವೀಲ್ ಗಾಡಿಯ ಬಗ್ಗೆ, ಅಂದರೆ ಬೇಕಾದಾಗ ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಕೊಡುವ ಗಾಡಿಯ ಬಗ್ಗೆ, ದೂರಿದ್ದರು. ತಿರುವಿನಲ್ಲಿ ಗಾಡಿ ಗುದ್ದುತ್ತದೆ, ಸ್ಟಿಯರಿಂಗ್ ಬಿಗಿಯುತ್ತದೆ, ಅಡಿಯಿಂದ ಧಡ್ ಎಂದು ಸದ್ದು ಬರುತ್ತದೆ, ಇದು ಮಾರಿದವರ ಮೋಸ ಎಂದು ಬರೆದಿದ್ದರು. ಓದಿ ನನಗೆ ನಗು ಬಂತು. ನಕ್ಕದ್ದು ಅವರಿಗಲ್ಲ, ಮೂರು ವರ್ಷ ಹಿಂದಿನ ನನ್ನ ಅವಸ್ಥೆಗೆ. ಇದೇ ಗುದ್ದಿಗೆ ವರ್ಕ್‌ಶಾಪಿನಲ್ಲಿ 6,400 ರೂಪಾಯಿ ಕೊಟ್ಟು ಬಂದವಳು ನಾನು.

ನಮ್ಮ ಮನೆ ಮುಳ್ಳೇರಿಯದಿಂದ ಒಳಗೆ, ಬೈಲಿನಲ್ಲಿ. ಚೆರ್ಕಳ–ಜಾಲ್ಸೂರು ರಸ್ತೆ ಬಿಟ್ಟ ಮೇಲೆ ಒಂದಷ್ಟು ದೂರ ಡಾಮರು. ಆಮೇಲೆ ಗುಡ್ಡೆಯ ಇಳಿಜಾರು. ಇಳಿಜಾರಿನ ನಡುವೆ ಒಂದು ಹೇರ್‌ಪಿನ್ ತಿರುವು ಉಂಟು. ಅಷ್ಟು ಜಾಗಕ್ಕೆ ಮಾತ್ರ ಪಂಚಾಯತಿನವರು ಕಾಂಕ್ರೀಟು ಹಾಕಿದ್ದಾರೆ. ತಿರುವು ದಾಟಿದರೆ ಮತ್ತೆ ಮಣ್ಣು, ಮುರಕಲ್ಲು, ಕೊನೆಗೆ ಒಂದು ತೋಡು. ಆಟಿಯ ಮಳೆಯಲ್ಲಿ ಆ ಮಣ್ಣಿನಲ್ಲಿ ನಡೆಯುವಾಗಲೇ ಕಾಲು ಜಾರುತ್ತದೆ, ಗಾಡಿಯ ಮಾತು ಬೇಡ. ಫೋರ್ ವೀಲ್ ಇಲ್ಲದೆ ನಮಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮನೆಯೇ ಜೈಲು.

ನನಗೀಗ 63. ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ 29 ವರ್ಷ ಗಣಿತ ಕಲಿಸಿ ನಿವೃತ್ತಳಾದೆ. ಗಾಡಿ ಬಿಡಲು ಕಲಿತದ್ದು 48ನೇ ವಯಸ್ಸಿಗೆ, ನಮ್ಮ ಯಜಮಾನರ ಹಳೇ ಜೀಪಿನಲ್ಲಿ. ಅವರು ಹೋದ ಮೇಲೆ ಜೀಪು ಹಟ್ಟಿಯ ಪಕ್ಕ ನಿಂತು ತುಕ್ಕು ಹಿಡಿಯಿತು. ಬೆಂಗಳೂರಿನಲ್ಲಿರುವ ಮಗ ಈ ಹೊಸ ಗಾಡಿ ತೆಗೆಸಿಕೊಟ್ಟ.

ಗಾಡಿ ಕೊಟ್ಟ ದಿನ ಏನೇನು ನಡೆಯಿತು ಎಂದು ಹೇಳಬೇಕು, ಯಾಕೆಂದರೆ ಎಲ್ಲ ಶುರುವಾದದ್ದು ಅಲ್ಲಿಂದ. ರಿಬ್ಬನ್ ಕಟ್ಟಿದರು, ತೆಂಗಿನಕಾಯಿ ಒಡೆಸಿದರು, ಕೀಲಿಯ ದೊಡ್ಡ ಬೊಂಬೆ ಹಿಡಿಸಿ ಫೋಟೋ ತೆಗೆದರು. ಫೋನಿಗೂ ಗಾಡಿಗೂ ಜೋಡಿಸುವುದನ್ನು ಶೋರೂಮಿನ ಹುಡುಗ ಅರ್ಧ ಗಂಟೆ ಕಲಿಸಿದ. ಗೇರಿನ ಪಕ್ಕದಲ್ಲಿರುವ ಚಿಕ್ಕ ಗೇರುಕೋಲು ತೋರಿಸಿ ಒಂದೇ ಮಾತು ಹೇಳಿದ, "ಇದು ಮಳೆಗಾಲಕ್ಕೆ ಮೇಡಂ." ಅಷ್ಟೇ. ನಾನು ಹೇಳಿದ್ದನ್ನು ಕೇಳುವ ಪೈಕಿ. ಮಳೆಗಾಲಕ್ಕೆ ಎಂದರಲ್ವಾ, ಜೂನ್ ತಿಂಗಳಲ್ಲಿ ಆ ಗೇರುಕೋಲನ್ನು ಫೋರ್ ಹೈಗೆ, ಅಂದರೆ ನಾಲ್ಕೂ ಚಕ್ರ ಎಳೆಯುವ ಕಡೆಗೆ, ಹಾಕಿದವಳು ಹಾಗೇ ಬಿಟ್ಟೆ. ಮಣ್ಣಿರಲಿ, ಕಾಂಕ್ರೀಟಿರಲಿ, ಮುಳ್ಳೇರಿಯ ಪೇಟೆ ಇರಲಿ, ಎಲ್ಲ ಕಡೆ ಫೋರ್ ಹೈ.

ಜುಲೈಯಲ್ಲಿ ಎರಡು ದಿನ ಮಳೆ ಹೊಳವಾಯಿತು. ಅಡಿಕೆಗೆ ಮದ್ದು ಬಿಡಲು ಅದೇ ಸಮಯ ಅಲ್ವಾ. ಮೈಲುತುತ್ತು, ಸುಣ್ಣ ತರಲೆಂದು ಪೇಟೆಗೆ ಹೊರಟೆ. ಮಣ್ಣಿನಲ್ಲಿ ಗಾಡಿ ಬೆಣ್ಣೆಯಂತೆ ಹತ್ತಿತು. ಹೇರ್‌ಪಿನ್‌ಗೆ ಬಂದಾಗ ಕಾಂಕ್ರೀಟು ಬಿಸಿಲಿಗೆ ಒಣಗಿತ್ತು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದೆ. ಗಾಡಿ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ನಿಧಾನವಾಯಿತು. ಧಡ್. ಮತ್ತೆ ಒಂದು ಮಾರು ಹೋಯಿತು. ಧಡ್. ಮುಂದಿನ ಚಕ್ರ ಕುಪ್ಪಳಿಸಿದ್ದು ಕಾಲಿನ ಅಡಿಗೇ ಗೊತ್ತಾಯಿತು. ಹಿಂದೆ ಕೂತಿದ್ದ ಮದ್ದು ಬಿಡುವವನು ಬಾಗಿಲು ತೆರೆದು ಹಾರಲು ರೆಡಿಯಾಗಿದ್ದ. "ಟೀಚರೇ, ಅಡಿಯಲ್ಲಿ ಎಂತದೋ ತುಂಡಾಯ್ತು" ಎಂದ.

ವರ್ಕ್‌ಶಾಪಿಗೆ ಕೊಂಡುಹೋದೆ. ಯಾವ ವರ್ಕ್‌ಶಾಪು ಎಂದು ಬರೆಯುವುದಿಲ್ಲ. ಅವರು ನೆಟ್ಟಗಿನ ಡಾಮರಿನಲ್ಲಿ ಗಾಡಿ ಓಡಿಸಿ ನೋಡಿದರು, ಸದ್ದಿಲ್ಲ. ಏನೋ ಬುಶ್ ಹೋಗಿದೆ ಎಂದು ಬದಲಿಸಿ 6,400ರ ಬಿಲ್ಲು ಕೊಟ್ಟರು. ಮನೆಗೆ ಬರುವಾಗ ಅದೇ ತಿರುವಿನಲ್ಲಿ ಅದೇ ಧಡ್. ಎರಡನೇ ಸಲ ಹೋದಾಗ ಮುಂದಿನ ಡಿಫರೆನ್ಶಿಯಲ್ (ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರಿನ ಪೆಟ್ಟಿಗೆ) ಬಿಚ್ಚಬೇಕು, 38,000 ಆಗಬಹುದು ಎಂದರು. ಅವರನ್ನು ಪೂರ್ತಿ ದೂರಲಾರೆ. ಓಡಿಸಿ ನೋಡುವಾಗ ಅವರು ಟೂ ಹೈಯಲ್ಲಿ, ಅಂದರೆ ಹಿಂದಿನ ಎರಡೇ ಚಕ್ರ ಎಳೆಯುವ ಹಾಗೆ ಇಟ್ಟು ಓಡಿಸಿದ್ದರು. ಸದ್ದು ಬರುವುದು ಯಾವುದರಲ್ಲಿ ಎಂದು ಅವರು ಕೇಳಲಿಲ್ಲ, ಹೇಳಬೇಕು ಎಂದು ನನಗೂ ಗೊತ್ತಿರಲಿಲ್ಲ.

38,000 ಉಳಿಸಿದ್ದು ನಮ್ಮ ಮೇಲಿನ ಮನೆಯ ಇಚ್ಚ. ಮೂವತ್ತು ವರ್ಷ ಸರ್ವಿಸ್ ಜೀಪು ಓಡಿಸಿದವರು. ಒಂದೇ ಜೀಪಿನಲ್ಲಿ ಹದಿನೇಳು ಜನರನ್ನು ಹಾಕಿಕೊಂಡು ಗುಡ್ಡೆ ಹತ್ತಿಸಿದ ಕಥೆ ಅವರ ಬಾಯಲ್ಲೇ ಕೇಳಬೇಕು. ಹೇರ್‌ಪಿನ್‌ನಲ್ಲಿ ನನ್ನ ಪಕ್ಕ ಕೂತು ಒಮ್ಮೆ ಧಡ್ ಕೇಳಿದರು. ಗೇರುಕೋಲು ನೋಡಿದರು. "ಟೀಚರೇ, ಗಾಡಿಗೆ ಎಂತದೂ ಆಗಲಿಲ್ಲ. ನೀವು ಅದರ ಕಾಲು ಕಟ್ಟಿ ನಡೆಸಿದ್ದು" ಎಂದರು. ಟೂ ಹೈಗೆ ಹಾಕಿ ಅದೇ ತಿರುವು ಮತ್ತೊಮ್ಮೆ ತಿರುಗಿಸಿದರು. ಒಂದು ಚೂರು ಸದ್ದಿಲ್ಲ.

ಗಣಿತದವಳಿಗೆ ಅಷ್ಟು ಸಾಲದು. ಯಾಕೆ ಎಂದು ಬೇಕು.

ಮರುದಿನ ಅಡಿಕೆ ಒಣಗಿಸುವ ಅಂಗಳ ಗುಡಿಸಿ ನೀರು ಚಿಮುಕಿಸಿದೆವು. ಗಾಡಿಯನ್ನು ಟೂ ಹೈಯಲ್ಲಿಟ್ಟು, ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಅರ್ಧ ವೃತ್ತ ಬಂದೆ. ಚಕ್ರದ ಗುರುತಿನ ಮೇಲೆ ಇಚ್ಚ ಸುಣ್ಣದ ಹುಡಿ ಉದುರಿಸುತ್ತಾ ಹೋದರು. ಮದ್ದಿಗೆ ತಂದ ಸುಣ್ಣದಲ್ಲಿ ಉಳಿದದ್ದು. ನಾಲ್ಕು ಚಕ್ರಕ್ಕೆ ನಾಲ್ಕು ಗೆರೆ, ಒಂದರ ಮೇಲೆ ಒಂದು ಬೀಳಲೇ ಇಲ್ಲ. ಒಂದೊಂದು ಗೆರೆಯ ಮೇಲೂ ಬಾವಿಹಗ್ಗ ಹಾಸಿ, ಹಗ್ಗವನ್ನು ಟೇಪಿನಲ್ಲಿ ಅಳೆದೆವು. ಹಿಂದಿನ ಚಕ್ರಗಳದ್ದು 10.2 ಮತ್ತು 14.9 ಮೀಟರ್. ಮುಂದಿನವು 12.8 ಮತ್ತು 16.8. ಸರಾಸರಿ ತೆಗೆದರೆ ಹಿಂದಿನ ಜೋಡಿ ಹನ್ನೆರಡೂವರೆ ಮೀಟರ್ ಚಿಲ್ಲರೆ ನಡೆದಿದೆ, ಮುಂದಿನ ಜೋಡಿ 14.8 ಮೀಟರ್.

ಹಗ್ಗ ನಂಬದಿದ್ದರೆ ಪೈಥಾಗರಸ್ ಇದ್ದಾನೆ. ನನ್ನ ಗಾಡಿಯ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ 2.45 ಮೀಟರ್. ಹಿಂದಿನ ಆಕ್ಸಲಿನ ನಡು 4 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ ಮುಂದಿನದ್ದರ ತ್ರಿಜ್ಯ ಎಷ್ಟು? 4ರ ವರ್ಗ 16, 2.45ರ ವರ್ಗ 6, ಕೂಡಿಸಿದರೆ 22. ಅದರ ವರ್ಗಮೂಲ 4.69. ಅರ್ಧ ವೃತ್ತಕ್ಕೆ ಒಂದು 12.6 ಮೀಟರ್, ಇನ್ನೊಂದು 14.7. ಹಗ್ಗದ ಲೆಕ್ಕಕ್ಕೂ ಇದಕ್ಕೂ ಒಂದು ಗೇಣು ಕೂಡ ವ್ಯತ್ಯಾಸ ಬರಲಿಲ್ಲ. ಹತ್ತನೇ ತರಗತಿಯ ಮಕ್ಕಳು "ಇದೆಲ್ಲ ಎಲ್ಲಿ ಉಪಯೋಗಕ್ಕೆ ಬರ್ತದೆ ಟೀಚರ್" ಎಂದು ಕೇಳುತ್ತಿದ್ದಾಗ ಈ ಗಾಡಿ ನನ್ನ ಹತ್ತಿರ ಇರಬೇಕಿತ್ತು.

ಟಯರಿನ ಸುತ್ತಳತೆ 2.4 ಮೀಟರ್. ಅಂದರೆ ಅರ್ಧ ವೃತ್ತ ತಿರುಗುವಾಗ ಮುಂದಿನ ಚಕ್ರಗಳು ಹಿಂದಿನದ್ದಕ್ಕಿಂತ ಸುಮಾರು ಒಂದು ಸುತ್ತು ಜಾಸ್ತಿ ಉರುಳಬೇಕು. ಟೂ ಹೈಯಲ್ಲಿ ಮುಂದಿನ ಚಕ್ರಕ್ಕೆ ಇಂಜಿನ್ನಿನ ಸಂಬಂಧ ಇಲ್ಲ, ಅದರ ಪಾಡಿಗೆ ಉರುಳುತ್ತದೆ. ಎಡ ಬಲ ಚಕ್ರಗಳ ಹೆಚ್ಚುಕಮ್ಮಿಯನ್ನು ಆಯಾ ಆಕ್ಸಲಿನ ಡಿಫರೆನ್ಶಿಯಲ್ ನೋಡಿಕೊಳ್ಳುತ್ತದೆ. ಆದರೆ ಫೋರ್ ಹೈಗೆ ಹಾಕಿದ ಕೂಡಲೇ ಟ್ರಾನ್ಸ್‌ಫರ್ ಕೇಸ್ (ಇಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ) ಮುಂದಿನ ಶಾಫ್ಟನ್ನೂ ಹಿಂದಿನ ಶಾಫ್ಟನ್ನೂ ಒಂದಕ್ಕೊಂದು ಕಟ್ಟಿಹಾಕುತ್ತದೆ. ನಮ್ಮಂಥ ಗಾಡಿಗಳಲ್ಲಿ ಆ ಎರಡರ ನಡುವೆ ಡಿಫರೆನ್ಶಿಯಲ್ ಇರುವುದಿಲ್ಲ. ಇದಕ್ಕೆ ಪಾರ್ಟ್ ಟೈಮ್ ಫೋರ್ ವೀಲ್ ಎನ್ನುತ್ತಾರೆ. ಶಾಲೆಯ ಸ್ಪೋರ್ಟ್ಸಿನಲ್ಲಿ ಮೂರು ಕಾಲಿನ ಓಟ ಇರುತ್ತದಲ್ವಾ, ಉದ್ದ ಕಾಲಿನವನನ್ನೂ ಗಿಡ್ಡ ಕಾಲಿನವನನ್ನೂ ಕಟ್ಟಿ ಓಡಿಸಿದ ಹಾಗೆ. ಒಬ್ಬ ಜಾರಲೇಬೇಕು.

ಕೆಸರಿನಲ್ಲಿ ಟಯರು ಸುಮ್ನೆ ಜಾರಿಕೊಳ್ಳುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಒಣ ಕಾಂಕ್ರೀಟು ಜಾರಲು ಬಿಡುವುದಿಲ್ಲ. ಆಗ ಶಾಫ್ಟುಗಳು ಬಟ್ಟೆ ಹಿಂಡಿದ ಹಾಗೆ ಒಂದಿಷ್ಟು ತಿರುಚಿಕೊಳ್ಳುತ್ತವೆ. ತಾಳಲಾರದೆ ಹೋದಾಗ ಯಾವುದಾದರೂ ಒಂದು ಚಕ್ರ ಹಿಡಿತ ಬಿಟ್ಟು ಹಾರುತ್ತದೆ. ಅದೇ ಆ ಧಡ್. ಸ್ಟಿಯರಿಂಗ್ ಬಿಗಿಯುವುದೂ ಅದಕ್ಕೇ. ಗೇರುಕೋಲು ಫೋರ್ ಹೈಯಿಂದ ಬರದೆ ಹಟ ಮಾಡುವುದೂ ಅದಕ್ಕೇ. ಗೇರುಕೋಲನ್ನು ಗುದ್ದಿ ಎಳೆಯಬೇಡಿ. ನೆಟ್ಟಗೆ ನಾಲ್ಕೈದು ಮೀಟರ್ ರಿವರ್ಸ್ ಬನ್ನಿ. ತಿರುಚಿದ್ದು ಬಿಡಿಸಿಕೊಂಡು ಟಪ್ ಎಂದು ತಾನೇ ಕಳಚುತ್ತದೆ.

ಒಂದು ಮಾತು. ಈ ಗುದ್ದು ಮಾಮೂಲಿ ಎಂದರೆ ಹಾಗೇ ಓಡಿಸುತ್ತಾ ಇರಿ ಎಂದಲ್ಲ. ನಾನು ಜೂನ್‌ನಿಂದ ಜುಲೈ ತನಕ ಹಾಗೆ ಓಡಿಸಿ ಮುಂದಿನ ಎರಡು ಟಯರು ಸವೆಸಿದೆ. ಇನ್ನಷ್ಟು ಕಾಲ ಓಡಿಸಿದ್ದರೆ ಜಾಯಿಂಟುಗಳೂ ಟ್ರಾನ್ಸ್‌ಫರ್ ಕೇಸೂ ಉಳಿಯುತ್ತಿರಲಿಲ್ಲ, ಆಗ 38,000ದ ಬಿಲ್ಲು ನಿಜವೇ ಆಗುತ್ತಿತ್ತು. ಜಾರುವ ನೆಲ ಮುಗಿದ ಕೂಡಲೇ ಟೂ ಹೈಗೆ ಬರಬೇಕು. ಮಳೆಗಾಲಕ್ಕೂ ಇದಕ್ಕೂ ಸಂಬಂಧ ಇಲ್ಲ, ನೆಲಕ್ಕೆ ಸಂಬಂಧ.

ಇನ್ನೊಂದು. ಇದೆಲ್ಲ ಎಲ್ಲ ಗಾಡಿಗೂ ಹೇಳಿದ್ದಲ್ಲ. ನನ್ನ ತಂಗಿಯ ಮಗನದ್ದು ಆಲ್ ವೀಲ್ ಡ್ರೈವ್ ಎನ್ನುವ ಬಗೆ. ಅಂಥವುಗಳಲ್ಲಿ ಮುಂದಿನದ್ದಕ್ಕೂ ಹಿಂದಿನದ್ದಕ್ಕೂ ನಡುವೆ ಒಂದು ಡಿಫರೆನ್ಶಿಯಲೋ, ಜಾರಲು ಬಿಡುವ ಒಂದು ಕ್ಲಚ್ಚೋ ಇರುತ್ತದೆ. ಒಣ ರಸ್ತೆಯಲ್ಲೂ ಆರಾಮವಾಗಿ ತಿರುಗುತ್ತದೆ. ಆ ಗಾಡಿ ತಿರುವಿನಲ್ಲಿ ಗುದ್ದಿದರೆ ಅದು ಮಾಮೂಲಿ ಅಲ್ಲ, ತೋರಿಸಬೇಕು. ಸುಳ್ಯದ ಓದುಗರು ತಮ್ಮದು ಯಾವ ಬಗೆ ಎಂದು ಬರೆದಿರಲಿಲ್ಲ. ಎಲ್ಲಕ್ಕಿಂತ ಮೊದಲು ಅದನ್ನು ಕೇಳಿ ತಿಳಿದುಕೊಳ್ಳಲಿ.

ಹೆದರಿಸುವ ಬೇರೆ ಸದ್ದುಗಳೂ ಉಂಟು. ಫೋರ್ ಹೈಗೆ ಹಾಕುವಾಗ ಒಂದು ಟಕ್ ಬರುತ್ತದೆ, ಒಳಗೆ ಹಲ್ಲಿಗೆ ಹಲ್ಲು ಸೇರುವ ಸದ್ದು. ಕೆಲವೊಮ್ಮೆ ಹಲ್ಲು ಎದುರುಬದುರಾಗಿ ನಿಂತು ದೀಪ ಮಿನುಗುತ್ತಾ ಇರುತ್ತದೆ. ಗಾಡಿ ಒಂದು ಮಾರು ಮುಂದೆ ಹೋದರೆ ಸೇರಿಕೊಳ್ಳುತ್ತದೆ. ಫೋರ್ ಲೋಗೆ, ಅಂದರೆ ನಾಲ್ಕೂ ಚಕ್ರ ನಿಧಾನಕ್ಕೆ ಜೋರಾಗಿ ಎಳೆಯುವ ಕಡೆಗೆ, ಹಾಕಿದರೆ ಇಂಜಿನ್ ಕೂಗುತ್ತದೆ, ಗಾಡಿ ಆಮೆಯ ಹಾಗೆ ಹೋಗುತ್ತದೆ, ಅಡಿಯಲ್ಲಿ ಗುಂಯ್ ಎನ್ನುತ್ತದೆ. ನನ್ನ ಗಾಡಿಯಲ್ಲಿ ಫೋರ್ ಲೋ ಎಂದರೆ ಅದೇ ವೇಗಕ್ಕೆ ಇಂಜಿನ್ ಸುಮಾರು ಎರಡೂವರೆ ಪಟ್ಟು ತಿರುಗಬೇಕು, ಕೂಗದೆ ಇರುತ್ತದಾ? ಇದಕ್ಕೆ ಮಾತ್ರ ಗಾಡಿ ನಿಲ್ಲಿಸಿಯೇ ಹಾಕಬೇಕು. ಓಡುವಾಗ ಹಾಕಲು ಹೋದರೆ ಕರ್ ಎನ್ನುತ್ತದೆ. ಆ ಕರ್ ನಮ್ಮ ತಪ್ಪು.

ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು ಇಳಿಜಾರಿನ ಬಟನ್. ಅದನ್ನು ಒತ್ತಿ ಕಾಲು ತೆಗೆದರೆ ಗಾಡಿ ತಾನೇ ಬ್ರೇಕ್ ಹಿಡಿದು ಇಳಿಯುತ್ತದೆ. ಇಳಿಯುವಾಗ ಗರ್ ಗರ್, ಟಕಟಕ ಟಕಟಕ, ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಬ್ರೇಕೇ ಕಿತ್ತುಬಂತು ಎಂದುಕೊಂಡು ಹ್ಯಾಂಡ್ ಬ್ರೇಕ್ ಎಳೆದಿದ್ದೆ. ಅದು ಎಬಿಎಸ್ ಪಂಪಿನ ಸದ್ದು, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ ಅದು. ಒಂದೊಂದು ಚಕ್ರದ ಬ್ರೇಕನ್ನೂ ಬೇರೆ ಬೇರೆಯಾಗಿ ಹಿಡಿದು ಬಿಡುತ್ತಾ ಇರುತ್ತದೆ. ಒದ್ದೆ ಮಣ್ಣಿನಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಪೆಡಲ್ ಪಾದಕ್ಕೆ ನಡುಗುವುದೂ ಅದರದ್ದೇ ಕೆಲಸ. ಪೆಡಲ್ ನಡುಗಿತು ಎಂದು ಕಾಲು ತೆಗೆಯಬಾರದು. ಕೆಲವು ಗಾಡಿಗಳ ಹಿಂದಿನ ಆಕ್ಸಲಿನಲ್ಲಿ ತಾನೇ ಬೀಗ ಬೀಳುವ ಡಿಫರೆನ್ಶಿಯಲ್ ಇರುತ್ತದೆ. ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ಸುತ್ತುತ್ತದೆ, ತಟ್ಟನೆ ಹಿಂದೆ ಒಂದು ಟಪ್ ಆಗುತ್ತದೆ, ಮರುಕ್ಷಣ ಗಾಡಿ ಮೇಲೆ ಬರುತ್ತದೆ. ತೋಡಿನ ದಡದಲ್ಲಿ ಆ ಟಪ್ ಕೇಳಿದರೆ ನನಗೀಗ ಖುಷಿ.

ಟಯರಿನ ವಿಷಯ ಬರೆಯದೆ ಬಿಡಲಾರೆ, ಯಾಕೆಂದರೆ ಎರಡನೇ ಸಲ ನಾನು ಬಿದ್ದದ್ದು ಅಲ್ಲಿ. ಸವೆದ ಮುಂದಿನ ಎರಡು ಟಯರನ್ನು ಮಾತ್ರ ಹೊಸದು ಹಾಕಿಸಿದೆ, ಹಿಂದಿನವು ಹಳತು. ಆಮೇಲೆ ನೆಟ್ಟಗಿನ ಮಣ್ಣುರಸ್ತೆಯಲ್ಲೂ ಫೋರ್ ಹೈ ಬಿಗಿಯತೊಡಗಿತು. ಹೊಸ ಟಯರಿನ ಕಚ್ಚಿನ ಆಳ 9 ಮಿಲಿಮೀಟರ್, ಹಳತರದ್ದು 4. ವ್ಯಾಸದಲ್ಲಿ 10 ಮಿಲಿಮೀಟರ್ ವ್ಯತ್ಯಾಸ, ಸುತ್ತಳತೆಯಲ್ಲಿ 31. ಒಂದು ಸುತ್ತಿಗೆ ಏನೂ ಅಲ್ಲ. ಆದರೆ ಒಂದು ಕಿಲೋಮೀಟರಿಗೆ ಟಯರು 400ಕ್ಕೂ ಜಾಸ್ತಿ ಸುತ್ತು ಸುತ್ತುತ್ತದೆ. ಗುಣಿಸಿದರೆ ಮುಂದಿನದ್ದಕ್ಕೂ ಹಿಂದಿನದ್ದಕ್ಕೂ 13 ಮೀಟರ್ ಅಂತರ. ಈಗ ನಾಲ್ಕೂ ಒಟ್ಟಿಗೆ ಬದಲಿಸುತ್ತೇನೆ, ಒಟ್ಟಿಗೆ ಸವೆಯಲಿ ಎಂದು ಆಗಾಗ ಮುಂದಿನದ್ದು ಹಿಂದಕ್ಕೆ ಹಾಕಿಸುತ್ತೇನೆ.

ಹಾಗಾದರೆ ಯಾವ ಸದ್ದಿಗೆ ಹೆದರಬೇಕು? ಟೂ ಹೈಯಲ್ಲೂ ಹೋಗದ ಸದ್ದಿಗೆ. ಅದೇ ಜಾಗ, ಅದೇ ತಿರುವು, ಗೇರುಕೋಲು ಮಾತ್ರ ಬೇರೆ, ಇಷ್ಟೇ ಪರೀಕ್ಷೆ. ಟೂ ಹೈಯಲ್ಲಿ ತಿರುಗುವಾಗ ಟಿಕ್ ಟಿಕ್ ಟಿಕ್ ಎಂದು ವೇಗದ ಜೊತೆ ಜಾಸ್ತಿಯಾಗುತ್ತಾ ಹೋದರೆ ಬಗ್ಗಿ ಮುಂದಿನ ಚಕ್ರದ ಒಳಬದಿ ನೋಡಿ. ಅಲ್ಲಿ ಶಾಫ್ಟಿನ ರಬ್ಬರು ಹರಿದು ಗ್ರೀಸು ಚೆಲ್ಲಿದ್ದರೆ ಚಕ್ರ ಓರೆಯಾದಾಗಲೂ ಅದಕ್ಕೆ ಬಲ ಮುಟ್ಟಿಸುವ ಸಿವಿ ಜಾಯಿಂಟಿನ ಕಥೆ ಮುಗಿಯುತ್ತಾ ಬಂದಿದೆ. ಹೊರಡುವಾಗಲೂ ರಿವರ್ಸಿಗೆ ಹಾಕುವಾಗಲೂ ಟಣ್ ಎಂದರೆ ಆಕ್ಸಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದರೆ ಅದರ ಜಾಯಿಂಟು, ನೋಡಿಸಿ. ನೆಟ್ಟಗೆ ಹೋಗುವಾಗ ದುಂಬಿಯ ಹಾಗೆ ಬಿಡದೆ ಗುಂಯ್‌ಗುಟ್ಟಿದರೆ ಚಕ್ರದ ಬೇರಿಂಗ್. ಮಣ್ಣಿನಲ್ಲೇ ಫೋರ್ ಹೈ ಕಳಚಿ ಕಳಚಿ ಬಂದರೆ, ಸುಟ್ಟ ವಾಸನೆ ಬಂದರೆ, ಅಂಗಳದಲ್ಲಿ ಎಣ್ಣೆಯ ಕಲೆ ಕಂಡರೆ ತಡಮಾಡಬೇಡಿ. ತೋಡು ದಾಟುವವರು ಮಳೆಗಾಲ ಮುಗಿದ ಮೇಲೆ ಒಮ್ಮೆ ಡಿಫರೆನ್ಶಿಯಲಿನ ಎಣ್ಣೆ ತೆಗೆಸಿ ನೋಡಬೇಕು. ಹಾಲು ಹಾಕಿದ ಚಾದ ಬಣ್ಣ ಬಂದಿದ್ದರೆ ನೀರು ನುಗ್ಗಿದೆ.

ನನ್ನ ತಕರಾರು ಇರುವುದು ಬೇರೆ ಕಡೆ. ಇದೆಲ್ಲ ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಉಂಟು, ಒಣ ರಸ್ತೆಯಲ್ಲಿ ಫೋರ್ ಹೈ ಬೇಡ ಎಂದು ಚೌಕ ಹಾಕಿಯೇ ಬರೆದಿದ್ದಾರೆ. ಇಂಗ್ಲಿಷಿನಲ್ಲಿ. ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ಇಚ್ಚನಿಗೆ ಅದು ಓದಲು ಬಾರದು, ನನಗೆ ಬಂದರೂ ಓದಿರಲಿಲ್ಲ. ಕಾಸರಗೋಡಿನ ಕನ್ನಡಿಗರು ಪಡಿತರ ಚೀಟಿಯಿಂದ ಹಿಡಿದು ಅರ್ಜಿ ಫಾರಂ ತನಕ ಕನ್ನಡದಲ್ಲಿ ಕೊಡಿ ಎಂದು ಕೇಳಿ ಕೇಳಿ ಮುದುಕರಾದವರು. ಹದಿನೈದು ಲಕ್ಷದ ಗಾಡಿಗೆ ಒಂದೇ ಒಂದು ಹಾಳೆ ಕನ್ನಡದಲ್ಲಿ ಕೊಡಿ ಎಂದು ಯಾಕೆ ಕೇಳಬಾರದು? ಯಾವ ಸದ್ದು ಮಾಮೂಲಿ, ಯಾವುದಲ್ಲ, ಅಷ್ಟು ಸಾಕು. ರಿಬ್ಬನ್ ಬೇಡ. ಅರ್ಧ ಗಂಟೆ ಫೋನು ಜೋಡಿಸುವ ಬದಲು ಹತ್ತು ನಿಮಿಷ ಒಂದು ಮಣ್ಣಿನ ಗದ್ದೆಗೆ ಕರೆದುಕೊಂಡು ಹೋಗಲಿ. ನಿಮ್ಮ ಪತ್ರಿಕೆಯ ವಾಹನ ಪುಟಕ್ಕೂ ಇದೇ ಮನವಿ. ಸನ್‌ರೂಫ್ ಬಗ್ಗೆ ಬರೆದದ್ದು ಸಾಕು ಮಾರಾಯ್ರೆ. ಮಳೆ ಬರುವ ಊರಿನಲ್ಲಿ ಅದನ್ನು ತೆರೆಯುವವರು ಯಾರು?

ಸುಳ್ಯದ ಓದುಗರು ನಮ್ಮ ಕಡೆ ಬಂದರೆ ಅಂಗಳ ಉಂಟು, ಹಗ್ಗ ಉಂಟು, ಸುಣ್ಣವೂ ಉಂಟು. ಹೇರ್‌ಪಿನ್‌ನಲ್ಲಿ ನನಗೆ ಮರೆತುಹೋಗದಿರಲಿ ಎಂದು ಕಾಂಕ್ರೀಟು ಶುರುವಾಗುವಲ್ಲಿ ಒಂದು ಮುರಕಲ್ಲಿಗೆ ಹಳದಿ ಬಣ್ಣದಲ್ಲಿ ದೊಡ್ಡದಾಗಿ 2 ಎಂದು ಬರೆಸಿದ್ದೇನೆ. ಟೂ ಹೈಗೆ ಹಾಕು ಎಂದು ಅರ್ಥ. ಬರೆಸಿದ ಮೂರನೇ ದಿನ ಬೆಳಿಗ್ಗೆ ಕೆಳಗಿನ ಮನೆಯವರು ಹೆದರಿ ಓಡಿಬಂದರು. ಕೇರಳದ ಕೆ–ರೈಲು ಯೋಜನೆಗೆ ಜಾಗದ ಸರ್ವೆ ಮಾಡುವಾಗ ನೆಟ್ಟ ಹಳದಿ ಕಲ್ಲು ಅವರ ತಲೆಯಿಂದ ಇನ್ನೂ ಹೋಗಿಲ್ಲ. "ಟೀಚರೇ, ಸರ್ವೆಯವರು ರಾತ್ರಿ ಬಂದು ನಂಬರ್ ಹಾಕಿ ಹೋಗಿದ್ದಾರೆ. ಒಂದನೇ ಕಲ್ಲು ಯಾರ ಜಾಗದಲ್ಲಿ ಉಂಟು?"

— ನಿವೃತ್ತ ಗಣಿತ ಅಧ್ಯಾಪಿಕೆ, ಮುಳ್ಳೇರಿಯ ಸಮೀಪ, ಕಾಸರಗೋಡು ಜಿಲ್ಲೆ